ಮಳೆ ಬಂದರೆ ಶೂ ಹಾಕಿಕೊಂಡು ಕೂರುತ್ತೇನೆ. ಇದಕ್ಕೂ ಥೆರಪಿ ಬೇಕಾ?

ಆಟಿಮಳೆ · ಜೂನ್ 9

ಇಲ್ಲಿ ಎರಡು ವರ್ಷದಿಂದ ಓದುತ್ತಿದ್ದೇನೆ, ಬರೆಯುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು.

ನಮ್ಮದು ಮಡಿಕೇರಿ ಹತ್ತಿರ, ಮಕ್ಕಂದೂರು ಕಡೆ. ಮನೆಯಲ್ಲಿ ಆಡುವುದು ಅರೆಭಾಷೆ. ನಾಲ್ಕು ಎಕರೆ ಕಾಫಿ, ಮರಕ್ಕೆ ಹಬ್ಬಿಸಿದ ಮೆಣಸು, ಕೆಳಗೆ ತುಂಡು ಗದ್ದೆ. ಇತ್ತು ಅನ್ನಬೇಕು. 2018ರ ಆಗಸ್ಟ್‌ನಲ್ಲಿ ಮನೆ ಹಿಂದಿನ ಬರೆ, ಅಂದರೆ ಗುಡ್ಡದ ಇಳಿಜಾರು, ಜಾರಿತು. ಅಪ್ಪ ದಿನಾ ಬೆಳಿಗ್ಗೆ ಮಳೆ ಅಳೆದು ನೋಟ್‌ಬುಕ್‌ನಲ್ಲಿ ಬರೆಯುತ್ತಿದ್ದರು, ಇಂಚಿನಲ್ಲಿ. (ನಮ್ಮ ಕಡೆ ಮಿಲಿಮೀಟರ್ ಅಂದರೆ ಯಾರ ತಲೆಗೂ ಹತ್ತುವುದಿಲ್ಲ.) ಆ ಪುಸ್ತಕದಲ್ಲಿ ಆಗಸ್ಟ್ 16ರ ಸಾಲು ಇದೆ. 17ರದು ಇಲ್ಲ. ಮಾಪಕವೂ ಮಣ್ಣಿನಡಿ ಹೋಯಿತು.

ನಾವು ನಾಲ್ಕೂ ಜನ ಬದುಕಿದೆವು. ಕತ್ತಲಲ್ಲಿ ತೋಟದ ಮೇಲಿನ ದಾರಿ ಹಿಡಿದು ನಡೆದೆವು, ಬೆಳಗಾದ ಮೇಲೆ ಯಾರದೋ ಜೀಪು ಸಿಕ್ಕಿತು, ಆಮೇಲೆ ಪರಿಹಾರ ಕೇಂದ್ರ. ದನದ ಹಟ್ಟಿಯ ವಿಷಯ ಇಲ್ಲಿ ಬೇಡ.

ಈಗ ಬೆಂಗಳೂರಲ್ಲಿದ್ದೇನೆ. ಮೂರನೇ ಮಹಡಿ. ಸುತ್ತ ಎರಡು ಕಿಲೋಮೀಟರ್‌ನಲ್ಲಿ ಒಂದು ದಿಬ್ಬ ಕೂಡ ಇಲ್ಲ. ಆದರೂ ರಾತ್ರಿ ಜೋರು ಮಳೆ ಬಂದರೆ ಎದ್ದು ಶೂ ಹಾಕಿಕೊಂಡು ಹಾಲ್‌ನಲ್ಲಿ ಕುರ್ಚಿ ಮೇಲೆ ಕೂರುತ್ತೇನೆ. ಬಾಗಿಲ ಹತ್ತಿರ ಒಂದು ಬ್ಯಾಗ್ ಯಾವಾಗಲೂ ರೆಡಿ. ಆಧಾರ್, ಆರ್‌ಟಿಸಿ, ಟಾರ್ಚ್, ಒಂದು ಹಗ್ಗ. ಮದುವೆಯಾದ ಹೊಸದರಲ್ಲಿ ಹೆಂಡತಿ ಅದು ಟ್ರೆಕ್ಕಿಂಗ್ ಬ್ಯಾಗ್ ಅಂದುಕೊಂಡಿದ್ದಳು.

ಐದಾರು ವರ್ಷ ಹೇಗೋ ನಡೆಯಿತು. 2024ರ ಜುಲೈನಲ್ಲಿ ಉತ್ತರ ಕನ್ನಡದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಎರಡೇ ವಾರಕ್ಕೆ ವಯನಾಡಿನ ಮುಂಡಕ್ಕೈ, ಚೂರಲ್‌ಮಲ. ಅವತ್ತು ಬೆಳಗಿನ ಜಾವ ಮೂರರವರೆಗೂ ವಿಡಿಯೋ ನೋಡುತ್ತಾ ಕುಳಿತೆ. ನಿಲ್ಲಿಸಲು ಆಗಲಿಲ್ಲ. ಅಲ್ಲಿಂದ ಮಳೆ ಬೇಕಂತಲೂ ಇಲ್ಲ. ಪಕ್ಕದ ಸೈಟಿನಲ್ಲಿ ಲಾರಿ ಜಲ್ಲಿ ಸುರಿದರೆ ಸಾಕು, ಎದೆ ಧಸಕ್ ಅನ್ನುತ್ತದೆ, ಕೈ ತಣ್ಣಗಾಗುತ್ತದೆ. ಮೀಟಿಂಗ್ ಮಧ್ಯೆ ಎರಡು ಸಲ ಎದ್ದು ಹೊರಗೆ ಓಡಿದ್ದೇನೆ.

ಹೆಂಡತಿ ಯಾರನ್ನಾದರೂ ನೋಡು ಅನ್ನುತ್ತಾಳೆ. ನನಗೆ ಮನಸ್ಸಿಲ್ಲ. ಒಂದು, ಅದೇ ಮಳೆಯಲ್ಲಿ ಜೋಡುಪಾಲ ಕಡೆ ಜನ ಮನೆಯವರನ್ನೇ ಕಳೆದುಕೊಂಡರು, ನಮ್ಮಲ್ಲಿ ಯಾರೂ ಸಾಯಲಿಲ್ಲ. ನಾನು ಹೋಗಿ ‘ನನಗೆ ಟ್ರಾಮಾ’ ಅಂದರೆ ನಾಚಿಕೆಗೇಡು ಅನಿಸುತ್ತದೆ. ಇನ್ನೊಂದು, ಸ್ಕೂಲಲ್ಲಿ ನಾವು ಬೈಯುತ್ತಿದ್ದದ್ದೇ ‘ನಿಮ್ಹಾನ್ಸ್‌ಗೆ ಹೋಗೋ’ ಅಂತ. ಈಗ ನಾನೇ ಹೋಗೋದಾ? ಮತ್ತೊಂದು ಹೇಳಲು ಕಷ್ಟ. ಈಗ ಹೇಗೋ ಮುಚ್ಚಿಟ್ಟಿದ್ದೇನೆ. ಮುಚ್ಚಳ ತೆಗೆದ ಮೇಲೆ ಮತ್ತೆ ಹಾಕಲು ಆಗದಿದ್ದರೆ?

ಯಾರಾದರೂ ಹೋಗಿ ಬಂದವರು ಇದ್ದರೆ ಹೇಳಿ. ‘ಧೈರ್ಯವಾಗಿರಿ’ ಮಾತ್ರ ಬೇಡ, ಸಾಕಷ್ಟು ಸಿಕ್ಕಿದೆ.

---

ಗದ್ದೆಬದು · ಜೂನ್ 9

ನಾನೂ ಕೊಡಗಿನವನೇ, ಸೋಮವಾರಪೇಟೆ ಕಡೆ. ಬೇಜಾರು ಮಾಡಿಕೊಳ್ಳಬೇಡಿ, ಇಷ್ಟಕ್ಕೆಲ್ಲ ಸಾವಿರಗಟ್ಟಲೆ ಫೀಸು ಕೊಟ್ಟು ಕೂತು ಮಾತಾಡಬೇಕಾ? 2018ರಲ್ಲಿ ನಮ್ಮ ಮನೆಯಲ್ಲಿ ಹದಿನೇಳು ಜನ ಮೂರು ವಾರ ಇದ್ದರು. ರಾತ್ರಿಯೆಲ್ಲ ಒಲೆ ಹತ್ತಿರ ಕೂತು ಹೇಳಿದ್ದನ್ನೇ ಹೇಳುತ್ತಿದ್ದರು, ಅಳುತ್ತಿದ್ದರು, ಕಾಫಿ ಕುಡಿದು ಮತ್ತೆ ಶುರು. ಅವರೆಲ್ಲ ಈಗ ಚೆನ್ನಾಗಿಯೇ ಇದ್ದಾರೆ. ಊರಿಗೆ ಬಂದು ನಾಲ್ಕು ದಿನ ಇರಿ. ಕೆಲಸ ಮಾಡಿ. ನಿದ್ದೆ ತಾನಾಗಿ ಬರುತ್ತದೆ.

---

ಹುಬ್ಬಳ್ಳಿಹುಡ್ಗಿ · ಜೂನ್ 9

ಆಟಿಮಳೆ ಅವರೇ, ಆ ಬ್ಯಾಗಿನ ವಿಷಯ ಓದಿ ಮೈ ಜುಮ್ಮೆಂದಿತು. ನನ್ನದು ಬಸ್ ಅಪಘಾತ. ಮೂರು ವರ್ಷ ಕಿಟಕಿ ಸೀಟಿನಲ್ಲಿ ಕುಳಿತಿರಲಿಲ್ಲ.

ನಾನು ಹೋದೆ. ಮೊದಲ ಸಲ ಪೂರ್ತಿ ಎಡವಟ್ಟಾಯಿತು, ಅದನ್ನೇ ಮೊದಲು ಹೇಳುತ್ತೇನೆ. ಬೆಂಗಳೂರಿನ ಒಂದು ಕಡೆ ಬುಕ್ ಮಾಡಿದ್ದೆ. ಆಕೆ ಒಳ್ಳೆಯವರೇ ಇರಬಹುದು, ಆದರೆ ಮಾತೆಲ್ಲ ಇಂಗ್ಲಿಷ್. ಹೊಟ್ಟೆಯಲ್ಲಿ ಕಲಸಿದ ಹಾಗೆ ಆಗುತ್ತದೆ, ಜೀವ ಬಾಯಿಗೆ ಬರುತ್ತದೆ, ಇದನ್ನೆಲ್ಲ ಇಂಗ್ಲಿಷಿನಲ್ಲಿ ಏನಂತ ಹೇಳಲಿ? ‘ಐ ಫೀಲ್ ಸ್ಯಾಡ್’ ಅಂದೆ. ಅಲ್ಲಿಗೆ ನನ್ನ ಕಥೆ ಮುಗಿಯಿತು. ಮೇಲಾಗಿ ಮೊದಲ ಗಂಟೆಯಲ್ಲೇ ಅಪಘಾತದ್ದೆಲ್ಲ ಶುರುವಿಂದ ಹೇಳಿಸಿದರು. ಮನೆಗೆ ಬಂದು ಮೂರು ದಿನ ಜ್ವರ. ಕೊನೆಗೆ ‘ಡ್ರೈವರ್‌ನನ್ನು ಕ್ಷಮಿಸಿಬಿಡಿ’ ಅಂದರು. ನಾನು ಡ್ರೈವರ್ ಬಗ್ಗೆ ಮಾತೇ ಎತ್ತಿರಲಿಲ್ಲ!

ಮತ್ತೆ ಒಂದು ವರ್ಷ ಆ ಕಡೆ ತಲೆ ಹಾಕಲಿಲ್ಲ. ಎರಡನೆಯವರು ಧಾರವಾಡ ಕಡೆಯವರು. ಮೊದಲ ದಿನ ಅವರು ಕೇಳಿದ್ದು, ‘ರಾತ್ರಿ ಊಟ ಹೋಗ್ತದೇನವಾ?’ ಅಂತ. ಅಲ್ಲೇ ಅತ್ತೆ.

---

ರಾತ್ರಿಪಾಳಿ · ಜೂನ್ 10

ನರ್ಸ್ ನಾನು, ತಾಲ್ಲೂಕು ಆಸ್ಪತ್ರೆ. ಎದೆ ಡವಡವ ಅಂತ ಬರುತ್ತಾರೆ, ಇಸಿಜಿ ನಾರ್ಮಲ್. ಮುಂದಿನ ತಿಂಗಳು ಹೊಟ್ಟೆ ಉರಿ, ಗ್ಯಾಸ್ಟ್ರಿಕ್ ಮಾತ್ರೆ. ಅದರ ಮುಂದಿನ ತಿಂಗಳು ಕತ್ತು ನೋವು. ಹೀಗೆ ಎರಡು ವರ್ಷ ಸುತ್ತಿದ ಮೇಲೆ ಒಂದು ದಿನ ಬಿಪಿ ನೋಡುವಾಗ ಸುಮ್ನೆ ‘ಮನೆಯಲ್ಲಿ ಎಲ್ಲ ಸರಿ ಇದೆಯಾ’ ಅಂದರೆ ಸಾಕು, ಬಿಕ್ಕಿ ಬಿಕ್ಕಿ ಅಳುತ್ತಾರೆ.

ಒಂದು ಕೆಲಸದ ಮಾತು. ‘ಮನೋಚೈತನ್ಯ’ ಅಂತ ರಾಜ್ಯ ಸರ್ಕಾರದ ಕಾರ್ಯಕ್ರಮ ಇದೆ. ಮಂಗಳವಾರ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆ. ಸಾವಿರಗಟ್ಟಲೆ ಫೀಸು ಇಲ್ಲ. ಯಾವ ಮಂಗಳವಾರ ಅಂತ ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸಿಯೇ ಹೋಗಿ.

ಇನ್ನೊಂದು, ಆಟಿಮಳೆ ಅವರೇ, ನಿದ್ದೆಗೆ ಏನಾದರೂ ತಗೋತಾ ಇದ್ದೀರಾ?

---

ಆಟಿಮಳೆ · ಜೂನ್ 10

ಹ್ಞೂಂ. ಅಪ್ಪನ ಸ್ಟ್ರಿಪ್‌ನಿಂದ ಆಲ್ಪ್ರಜೋಲಾಮ್. ಮೊದಲು ಅರ್ಧ ಮಾತ್ರೆ, ಈಗ ಒಂದು. ಮಳೆ ಇದ್ದರೆ ಮಾತ್ರ ಅಂತಿದ್ದೆ. ಈಗ ಮೋಡ ಇದ್ದರೂ ತಗೋತೀನಿ.

---

ರಾತ್ರಿಪಾಳಿ · ಜೂನ್ 10

ಅಂದುಕೊಂಡೆ. ಬೈಯುವುದಿಲ್ಲ. ಆದರೆ ಯಾರೋ ಹೇಳಿದರು ಅಂತ ಒಮ್ಮೆಲೇ ನಿಲ್ಲಿಸಬೇಡಿ, ಅದೂ ತೊಂದರೆಯೇ. ಡಾಕ್ಟರ್ ಹತ್ತಿರ ಇದ್ದದ್ದು ಇದ್ದ ಹಾಗೆ ಹೇಳಿ, ಅವರು ನಿಧಾನಕ್ಕೆ ಇಳಿಸುತ್ತಾರೆ. ಅಂದ ಹಾಗೆ, ಅದು ಅಪ್ಪನ ಸ್ಟ್ರಿಪ್ ಅಂದಿರಿ. ಅಪ್ಪ ಯಾಕೆ ತಗೋತಾರೆ?

---

ಕೇಳುಕಿವಿ · ಜೂನ್ 11

ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುತ್ತೇನೆ. ಆನ್‌ಲೈನಿನಲ್ಲಿ ಯಾರಿಗೂ ಕಾಯಿಲೆಯ ಹೆಸರಿಡುವುದಿಲ್ಲ. ಗೊತ್ತಿರುವ ನಾಲ್ಕು ಮಾತು ಹೇಳುತ್ತೇನೆ.

ಮೊದಲು ಗದ್ದೆಬದು ಅವರಿಗೆ. ನೀವು ಹೇಳಿದ್ದರಲ್ಲಿ ಬಹಳಷ್ಟು ನಿಜ. ದುರಂತ ಕಂಡವರಲ್ಲಿ ಹೆಚ್ಚಿನವರು ಯಾವ ಥೆರಪಿಯೂ ಇಲ್ಲದೆ ಚೇತರಿಸಿಕೊಳ್ಳುತ್ತಾರೆ. ಅವರನ್ನು ಎತ್ತಿ ನಿಲ್ಲಿಸುವುದು ನಿಮ್ಮ ಮನೆಯ ಒಲೆಯಂಥದ್ದೇ. ತಲೆ ಮೇಲೆ ಸೂರು, ಬಿಸಿ ಊಟ, ಪಕ್ಕದಲ್ಲಿ ನಮ್ಮವರು. ನಡೆದದ್ದನ್ನು ಒಂದೇ ಸಲ ಕೂರಿಸಿ ಪೂರ್ತಿ ಬಾಯಿ ಬಿಡಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಉಪಯೋಗವಿಲ್ಲ, ಕೆಲವರಿಗೆ ತೊಂದರೆಯೂ ಆಗುತ್ತದೆ ಅಂತ ಈಗ ಬಿಟ್ಟಿದ್ದಾರೆ. ನಿಮ್ಮಲ್ಲಿ ಯಾರೂ ಯಾರಿಗೂ ಬಲವಂತ ಮಾಡಲಿಲ್ಲ ಅಲ್ವಾ? ಅವರಿಗೆ ಬೇಕಾದಾಗ ಬೇಕಾದಷ್ಟು ಹೇಳಿಕೊಂಡರು.

ಆದರೆ ಕೆಲವರಲ್ಲಿ ಅದು ಇಳಿಯುವುದಿಲ್ಲ, ಅಥವಾ ವರ್ಷಗಳ ಮೇಲೆ ಮತ್ತೆ ಏಳುತ್ತದೆ. ಒಮ್ಮೆ ಚಿರತೆ ಕಂಡ ನಾಯಿ ಆಮೇಲೆ ಒಣಗಿದ ತರಗೆಲೆ ಸರಿದರೂ ಬೊಗಳುತ್ತದೆ. ನಾಯಿ ಕೆಟ್ಟಿಲ್ಲ, ಹೇಡಿಯೂ ಅಲ್ಲ. ಅದಕ್ಕೆ ತರಗೆಲೆ ಯಾವುದು, ಚಿರತೆ ಯಾವುದು ಅನ್ನುವುದು ಗೊಂದಲ. ಅದನ್ನು ಬೈದರೆ ಸರಿಹೋಗುವುದಿಲ್ಲ. ಒಳಗೆ ಕೂಡಿ ಹಾಕಿದರೂ ಇಲ್ಲ, ಯಾಕೆಂದರೆ ಹೊರಗಿರುವುದು ಬರೀ ತರಗೆಲೆ ಅಂತ ತಿಳಿಯಲು ಅವಕಾಶವೇ ಸಿಗುವುದಿಲ್ಲ. ಶೂ, ಬ್ಯಾಗು, ಮಾತ್ರೆ ಮೂರೂ ಒಂದು ರೀತಿ ಕೂಡಿ ಹಾಕುವುದೇ. ಶೂ ಹಾಕಿ ಕುಳಿತ ರಾತ್ರಿ ಏನೂ ಆಗದಿದ್ದರೆ ನಿಮ್ಮ ಮೈ ‘ಅಪಾಯ ಇರಲಿಲ್ಲ’ ಅಂತ ಕಲಿಯುವುದಿಲ್ಲ. ‘ಶೂ ಹಾಕಿದ್ದಕ್ಕೆ ಉಳಿದೆ’ ಅಂತ ಕಲಿಯುತ್ತದೆ.

‘ಯಾರೂ ಸಾಯಲಿಲ್ಲ’ ಅನ್ನುವುದು ನಾನು ಅತಿ ಹೆಚ್ಚು ಕೇಳುವ ಮಾತು. ಪಿಟಿಎಸ್‌ಡಿ (ಆಘಾತದ ನಂತರ ಉಳಿದುಬಿಡುವ ಮಾನಸಿಕ ತೊಂದರೆ) ಅನ್ನುವ ಹೆಸರು 1980ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಸೇರಿತು. ವಿಯೆಟ್ನಾಂ ಯುದ್ಧದಿಂದ ಬಂದ ಸೈನಿಕರ ಪಾಡು ಅದರ ಹಿಂದಿತ್ತು. ಅವರೆಲ್ಲ ಸತ್ತವರಲ್ಲ, ಬದುಕಿ ಬಂದವರು. ಸಾವು ಹತ್ತಿರ ಬಂದು ಹೋದರೂ ಸಾಕು. ನೋವಿಗೆ ರೇಷನ್ ಕಾರ್ಡ್ ಇಲ್ಲ, ನೀವು ತಗೊಂಡರೆ ಜೋಡುಪಾಲದವರಿಗೆ ಕಡಿಮೆಯಾಗುವುದಿಲ್ಲ.

ಇನ್ನು ಮುಚ್ಚಳದ ವಿಷಯ. ಸರಿಯಾದ ಥೆರಪಿಸ್ಟ್ ಮೊದಲ ದಿನವೇ ಮುಚ್ಚಳಕ್ಕೆ ಕೈ ಹಾಕುವುದಿಲ್ಲ. ಮೊದಲು ನಿದ್ದೆ, ಉಸಿರು, ಗಾಬರಿಯಾದಾಗ ಕಾಲಡಿಯ ನೆಲಕ್ಕೆ ವಾಪಸ್ ಬರುವುದು ಇವನ್ನೆಲ್ಲ ಕಲಿಸುತ್ತಾರೆ. ಆಮೇಲೆ ಸ್ವಲ್ಪ ತೆಗೆದು, ನೋಡಿ, ಮತ್ತೆ ಮುಚ್ಚಿ, ಮನೆಗೆ ಕಳಿಸುತ್ತಾರೆ. ಹುಬ್ಬಳ್ಳಿಹುಡ್ಗಿ ಅವರಿಗೆ ಮೊದಲ ಸಲ ಆದದ್ದು ಇದರ ಉಲ್ಟಾ.

ದಾರಿಗಳು ಒಂದೆರಡು ಇವೆ. ಟ್ರಾಮಾಗೆಂದೇ ಹೊಂದಿಸಿದ ಸಿಬಿಟಿ ಒಂದು, ಯೋಚನೆ ಮತ್ತು ನಡವಳಿಕೆ ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ. ಇನ್ನೊಂದು ಇಎಂಡಿಆರ್, ಫ್ರಾನ್ಸಿನ್ ಶಪೀರೋ ಅನ್ನುವವರು 1987ರಲ್ಲಿ ಶುರು ಮಾಡಿದ್ದು. ನೆನಪನ್ನು ಮನಸ್ಸಿನಲ್ಲಿ ಹಿಡಿದುಕೊಂಡು ಕಣ್ಣನ್ನು ಎಡ ಬಲ ಆಡಿಸುತ್ತಾರೆ. ಕೇಳಲು ಮಾಟದ ಹಾಗಿದೆ, ನಾನೂ ಮೊದಲು ನಕ್ಕಿದ್ದೆ. ಕಣ್ಣು ಆಡಿಸುವುದು ಎಷ್ಟು ಮುಖ್ಯ ಅನ್ನುವ ಜಗಳ ಇನ್ನೂ ಇದೆ, ಆದರೆ ಚಿಕಿತ್ಸೆ ಕೆಲಸ ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಎರಡನ್ನೂ ಶಿಫಾರಸು ಮಾಡಿದೆ. ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟರಿಂದ ಹದಿನೈದು ಸಲ. ಜೀವನಪೂರ್ತಿ ಅಲ್ಲ.

---

ತುಂಗಾತೀರ · ಜೂನ್ 11

ನಿಮ್ಹಾನ್ಸ್ ಅಂದರೆ ಬೈಗುಳ ಅಂದಿರಲ್ಲ, ನಗು ಬಂತು. ನಮ್ಮ ಅಮ್ಮನಿಗೆ ಫಿಟ್ಸ್. ಅಲ್ಲಿಗೇ ಕರೆದುಕೊಂಡು ಹೋಗುವುದು. ಅಲ್ಲಿ ನರರೋಗ, ತಲೆಗೆ ಪೆಟ್ಟು, ಸ್ಟ್ರೋಕ್ ಎಲ್ಲ ನೋಡುತ್ತಾರೆ. ಹೊರಗೆ ನಿಂತವರಲ್ಲಿ ಯಾರು ಯಾವುದಕ್ಕೆ ಬಂದಿದ್ದಾರೆ ಅಂತ ದೇವರಾಣೆಗೂ ಗೊತ್ತಾಗುವುದಿಲ್ಲ. ಪರಿಚಯದವರು ಸಿಕ್ಕರೆ ‘ಅಮ್ಮನ ಸ್ಕ್ಯಾನಿಂಗ್’ ಅನ್ನಿ. ಅವರೂ ಯಾರದೋ ಸ್ಕ್ಯಾನಿಂಗ್ ಅಂತಾರೆ.

---

ಎಚ್‌ಆರ್‌ಅಕ್ಕ · ಜೂನ್ 12

ಆಫೀಸಿಗೆ ಗೊತ್ತಾಗುತ್ತದೆ ಅನ್ನುವ ಹೆದರಿಕೆ ಇದ್ದರೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಗೌಪ್ಯತೆ ರೋಗಿಯ ಹಕ್ಕು. ದೈಹಿಕ ಕಾಯಿಲೆಗೆ ಇರುವ ಹಾಗೇ ವಿಮೆ ಕೊಡಬೇಕು ಅಂತಲೂ ಅದೇ ಕಾಯ್ದೆ ಹೇಳುತ್ತದೆ. ಆದರೆ ಹೆಚ್ಚಿನ ಪಾಲಿಸಿಗಳು ದಾಖಲಾದರೆ ಮಾತ್ರ ಕೊಡುತ್ತವೆ, ವಾರವಾರದ ಥೆರಪಿಗೆ ಕೈಯಿಂದಲೇ ಹಾಕಬೇಕಾಗುತ್ತದೆ. ಒಪಿಡಿ ಕವರ್, ಅಂದರೆ ದಾಖಲಾಗದೆ ತೋರಿಸಿಕೊಂಡರೂ ಕೊಡುವ ವಿಮೆ, ಇದೆಯಾ ನೋಡಿ. ಕಂಪನಿಯಲ್ಲಿ ಉಚಿತ ಕೌನ್ಸೆಲಿಂಗ್ ಇದ್ದರೆ ನಾಲ್ಕೈದು ಸಲ ಅದನ್ನೂ ಬಳಸಬಹುದು. ನಮ್ಮಲ್ಲಿ ಎಷ್ಟು ಜನ ಹೋದರು ಅನ್ನುವ ಲೆಕ್ಕ ಮಾತ್ರ ಬರುತ್ತದೆ, ಹೆಸರು ಬರುವುದಿಲ್ಲ. ನಿಮ್ಮಲ್ಲಿ ಹೇಗೆ ಅಂತ ಒಮ್ಮೆ ಕೇಳಿಕೊಳ್ಳಿ.

---

ಮಸ್ಕತ್‌ಕನ್ನಡಿಗ · ಜೂನ್ 12

ಇಲ್ಲಿ ರೂಮಲ್ಲಿ ನಾಲ್ಕು ಜನ. ಥೆರಪಿ ಅಂತ ಗೊತ್ತಾದರೆ ಊರಿಗೆ ಸುದ್ದಿ ಮುಟ್ಟಲು ಅರ್ಧ ಗಂಟೆ ಸಾಕು. ನಾನು ಕಾರಲ್ಲಿ ಮಾಡುತ್ತೇನೆ. ಸೂಪರ್‌ಮಾರ್ಕೆಟ್ ಪಾರ್ಕಿಂಗ್, ಎಸಿ ಆನ್, ಫೋನ್ ಸ್ಟೇರಿಂಗ್ ಮೇಲೆ. ಮಂಗಳೂರಲ್ಲಿ ಥೆರಪಿಸ್ಟ್‌ಗೆ ರಾತ್ರಿ ಎಂಟೂವರೆ, ನನಗೆ ಏಳು. ಒಂದು ಸಲ ಜೋರಾಗಿ ಅಳುತ್ತಿದ್ದಾಗ ಸೆಕ್ಯುರಿಟಿಯವನು ಗಾಜು ತಟ್ಟಿ ನೀರಿನ ಬಾಟಲಿ ಕೊಟ್ಟು ಹೋದ. ಏನೂ ಕೇಳಲಿಲ್ಲ.

---

ಗದ್ದೆಬದು · ಜೂನ್ 12

ಕೇಳುಕಿವಿ ಅವರು ಹೇಳಿದ್ದು ಒಪ್ಪಿದೆ, ಅರ್ಧ. ದುಡ್ಡಿನ ಮಾತು ಒಪ್ಪಿಲ್ಲ. ಹದಿನೈದು ಸಲ ಅಂದರೆ ನಮ್ಮಂಥವರಿಗೆ ಒಂದು ವರ್ಷದ ಗೊಬ್ಬರದ ಖರ್ಚು.

---

ಕೇಳುಕಿವಿ · ಜೂನ್ 12

ಅದಕ್ಕೆ ನನ್ನ ಹತ್ತಿರ ಒಳ್ಳೆಯ ಉತ್ತರ ಇಲ್ಲ. ಖಾಸಗಿಯಲ್ಲಿ ದುಬಾರಿ, ಸರ್ಕಾರಿಯಲ್ಲಿ ಜನ ಜಾಸ್ತಿ. ಶುರುವಿಗೆ 14416 ಇದೆ, ಟೆಲಿ ಮಾನಸ್. ಉಚಿತ, ದಿನದ 24 ಗಂಟೆ, ಕನ್ನಡದಲ್ಲಿ ಮಾತಾಡಬಹುದು. ಕೇಂದ್ರ ಸರ್ಕಾರ 2022ರಲ್ಲಿ ಶುರು ಮಾಡಿದ್ದು. ಪೂರ್ತಿ ಥೆರಪಿ ಫೋನಲ್ಲಿ ಸಿಗುತ್ತದೆ ಅಂದುಕೊಳ್ಳಬೇಡಿ, ಆದರೆ ನಿಮ್ಮ ಜಿಲ್ಲೆಯಲ್ಲಿ ಎಲ್ಲಿಗೆ ಹೋಗಬಹುದು ಅಂತ ಹೇಳುತ್ತಾರೆ.

---

ಆಟಿಮಳೆ · ಜೂನ್ 23

ಎಲ್ಲರಿಗೂ ಥ್ಯಾಂಕ್ಸ್. ಎಲ್ಲವನ್ನೂ ಎರಡೆರಡು ಸಲ ಓದಿದೆ.

ಮೊನ್ನೆ ರಾತ್ರಿ ಎರಡು ಗಂಟೆಗೆ 14416ಕ್ಕೆ ಫೋನ್ ಮಾಡಿದೆ. ಶೂ ಹಾಕಿಕೊಂಡೇ. ಆ ಕಡೆಯಿಂದ ‘ನಮಸ್ಕಾರ’ ಅಂದ ತಕ್ಷಣ ಕಟ್ ಮಾಡಿದೆ. ಹತ್ತು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಬೇರೆ ಯಾರೋ ಎತ್ತಿದರು. ‘ಇಲ್ಲಿ ಮಳೆ ಬರ್ತಾ ಇದೆ’ ಅಂದೆ. ಇಷ್ಟು ವರ್ಷ ಆದಮೇಲೆ ನನ್ನ ಬಾಯಿಂದ ಬಂದದ್ದು ಅಷ್ಟೇ. ಅವರು ‘ಹೌದಾ, ಜೋರಾ?’ ಅಂದರು. ಇಪ್ಪತ್ತು ನಿಮಿಷ ಮಾತಾಡಿದೆವು.

ಶನಿವಾರ ಒಬ್ಬರು ಸೈಕಾಲಜಿಸ್ಟ್ ಹತ್ತಿರ ಹೋಗುತ್ತಿದ್ದೇನೆ. ಟ್ರಾಮಾ ಕೇಸ್ ನೋಡಿದ್ದೀರಾ, ಯಾವ ವಿಧಾನ, ಕನ್ನಡದಲ್ಲಿ ಮಾತಾಡಬಹುದಾ ಅಂತ ಮೊದಲೇ ಕೇಳಿದೆ. ಕೇಳುವಾಗ ಮದುವೆಗೆ ಹುಡುಗನನ್ನು ನೋಡಲು ಹೋದವರ ಹಾಗೆ ಅನಿಸಿತು. ಅವರು ಬೇಜಾರು ಮಾಡಿಕೊಳ್ಳಲಿಲ್ಲ.

---

ಹುಬ್ಬಳ್ಳಿಹುಡ್ಗಿ · ಜೂನ್ 23

ಹೋಗುವಾಗ ಕರ್ಚೀಫ್ ಎರಡು ಇಟ್ಕೊಳ್ಳಿ. ಅಲ್ಲಿ ಟಿಶ್ಯೂ ಕೊಡುತ್ತಾರೆ, ಮುಖಕ್ಕೆಲ್ಲ ಅಂಟಿಕೊಳ್ಳುತ್ತದೆ.

---

ಆಟಿಮಳೆ · ಆಗಸ್ಟ್ 4

ಐದು ಸಲ ಆಯಿತು. ಅನುಭವ ಬರೆಯಿರಿ ಅಂತ ಮೆಸೇಜ್ ಮಾಡಿದವರಿಗಾಗಿ.

ಮೊದಲೆರಡು ಸಲ ನಿಜ ಹೇಳಬೇಕೆಂದರೆ ಬೋರ್. ನಿದ್ದೆಯ ಡೈರಿ, ಉಸಿರಾಟ. ದುಡ್ಡು ದಂಡ ಅನಿಸಿ ಮೂರನೇ ಸಲ ಕ್ಯಾನ್ಸಲ್ ಮಾಡಲು ಹೊರಟಿದ್ದೆ, ಹೆಂಡತಿ ಬಿಡಲಿಲ್ಲ. ಮನೋವೈದ್ಯರನ್ನೂ ಒಮ್ಮೆ ನೋಡಿದೆ, ಮಾತ್ರೆ ಸ್ವಲ್ಪ ಸ್ವಲ್ಪವೇ ಇಳಿಸುತ್ತಿದ್ದಾರೆ. ಅದು ಸುಲಭ ಇಲ್ಲ.

ನಾಲ್ಕನೇ ಸಲ ಹಟ್ಟಿಯ ವಿಷಯ ಬಂತು. ಇಲ್ಲೂ ಹೇಳಿಬಿಡುತ್ತೇನೆ.

ಮೂರು ಹಸು ಇದ್ದವು. ಅವತ್ತು ಬರೆ ಸದ್ದು ಮಾಡಿದಾಗ ಹಗ್ಗ ಬಿಚ್ಚಲು ನಾನು ಓಡಿದೆ. ಎರಡರದ್ದು ಬಿಚ್ಚಿದೆ. ಮೂರನೆಯದರ ಗಂಟು ನೆಂದು ಬಿಗಿದು ಕೂತಿತ್ತು. ಉಗುರು ಕಿತ್ತು ಬಂತು, ಗಂಟು ಬರಲಿಲ್ಲ. ಅಮ್ಮ ಮೇಲಿಂದ ಕಿರುಚುತ್ತಿದ್ದರು. ಬಿಟ್ಟು ಓಡಿದೆ. ಅದು ನನ್ನನ್ನು ನೋಡುತ್ತಿತ್ತು, ಕರೆಯಲೂ ಇಲ್ಲ. ಅದನ್ನು ಹಾಲು ಬಿಡಿಸಿದ ಮೇಲಿಂದ ನೋಡಿಕೊಂಡದ್ದು ನಾನೇ.

ಏಳು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ಜನ ಸತ್ತ ಊರಲ್ಲಿ ಹಸುವಿಗೆ ಅಳುವುದು ಹೇಗೆ? ಬ್ಯಾಗಿನಲ್ಲಿ ಹಗ್ಗ ಯಾಕೆ ಇಟ್ಟಿದ್ದೀರಿ ಅಂತ ಅವರು ಕೇಳಿದರು. ನನಗೇ ಗೊತ್ತಿರಲಿಲ್ಲ. ಆಮೇಲೆ ನೋಡಿದರೆ ಆ ಹಗ್ಗದಲ್ಲಿ ಒಂದೂ ಗಂಟಿಲ್ಲ. ನಾನು ಆಗಾಗ ತೆಗೆದು ಬಿಚ್ಚಿ ಬಿಚ್ಚಿ ಇಡುತ್ತಿದ್ದೆನಂತೆ, ಹೆಂಡತಿ ಹೇಳಿದಳು.

ಹೇಳುತ್ತಾ ಹೇಳುತ್ತಾ ಮಾತು ಅರೆಭಾಷೆಗೆ ತಿರುಗಿತ್ತು. ಅವರಿಗೆ ಎಷ್ಟು ಅರ್ಥವಾಯಿತೋ. ತಡೆಯಲಿಲ್ಲ.

ಅವತ್ತು ರಾತ್ರಿ ಜಾಸ್ತಿಯೇ ಕೆಟ್ಟಿತ್ತು. ಎರಡು ದಿನ ಆಫೀಸಿಗೆ ಹೋಗಲಿಲ್ಲ. ಹೀಗಾಗಬಹುದು ಅಂತ ಮೊದಲೇ ಹೇಳಿದ್ದರಿಂದ ಗಾಬರಿಯಾಗಲಿಲ್ಲ. ಈಗ ಹೋಂವರ್ಕ್ ಜಲ್ಲಿ ಲಾರಿ. ಪಕ್ಕದ ಸೈಟಿನ ಸದ್ದನ್ನು ಫೋನಲ್ಲಿ ರೆಕಾರ್ಡ್ ಮಾಡಿ ದಿನಾ ಹಗಲು ಹೊತ್ತು ಕೇಳುತ್ತೇನೆ. ಲಾರಿ ಡ್ರೈವರ್‌ಗೆ ನಾನು ಯಾವುದೋ ದೂರು ಕೊಡಲು ಬಂದವನು ಅಂತ ಅನುಮಾನ.

ಶೂ ಈಗ ಮಂಚದ ಪಕ್ಕ ಇರುತ್ತದೆ. ಕಾಲಿನಲ್ಲಿ ಅಲ್ಲ.

---

ರಾತ್ರಿಪಾಳಿ · ಆಗಸ್ಟ್ 4

ನಮ್ಮ ಮನೆಯಲ್ಲೂ ಹಸು ಇದೆ. ಹೆಚ್ಚು ಬರೆಯಲು ಆಗುತ್ತಿಲ್ಲ.

ಅಪ್ಪನ ಮಾತ್ರೆಯ ಬಗ್ಗೆ ನೀವು ಉತ್ತರ ಕೊಡಲಿಲ್ಲ.

---

ಆಟಿಮಳೆ · ಆಗಸ್ಟ್ 18

ಊರಿಗೆ ಹೋಗಿದ್ದೆ. ಅಪ್ಪ ಅಮ್ಮ ಈಗ ಸರ್ಕಾರ ಕೊಟ್ಟ ಪುನರ್ವಸತಿ ಮನೆಯಲ್ಲಿದ್ದಾರೆ. ಮಳೆ ಶುರುವಾದರೆ ಅಪ್ಪ ಟಿವಿ ಸೌಂಡ್ ಜಾಸ್ತಿ ಮಾಡುತ್ತಾರೆ. ಅವರಿಗೆ ಕಿವಿ ಮಂದ ಆಗಿದೆ ಅಂತ ಇಷ್ಟು ದಿನ ಅಂದುಕೊಂಡಿದ್ದೆ.

ನಾನು ಥೆರಪಿಗೆ ಹೋಗುತ್ತಿರುವ ವಿಷಯ ಅಪ್ಪನಿಗೆ ಹೇಳಿದೆ. ಹಸುವಿನದೂ ಹೇಳಿದೆ. ಅವರು ತುಂಬಾ ಹೊತ್ತು ಸುಮ್ಮನಿದ್ದು, ‘ಆ ಗಂಟು ಹಾಕಿದ್ದು ನಾನೇ’ ಅಂದರು. ಅಷ್ಟೇ. ಎದ್ದು ಹೋದರು. ಮಾರನೆಯ ದಿನ ಆ ಮಾತು ಎತ್ತಲಿಲ್ಲ. ಮಡಿಕೇರಿಗೆ ಹೋಗಿ ಡಾಕ್ಟರ್ ನೋಡೋಣ ಅಂದೆ, ‘ನನಗೆ ಎಂತ ಆಗಿದೆ’ ಅಂದರು. ಒತ್ತಾಯ ಮಾಡಲಿಲ್ಲ.

---

ಗದ್ದೆಬದು · ಆಗಸ್ಟ್ 18

ನಿಮ್ಮ ತಂದೆಯ ವಯಸ್ಸಿನವರು ನಾವು. ನಮ್ಮನ್ನು ಡಾಕ್ಟರ್ ಅಂದರೆ ಎಬ್ಬಿಸಲು ಆಗುವುದಿಲ್ಲ. ಒಂದು ಕೇಳುತ್ತೇನೆ. ಅವರು ಈಗಲೂ ಮಳೆ ಅಳೆಯುತ್ತಾರಾ?

---

ಆಟಿಮಳೆ · ಆಗಸ್ಟ್ 18

ಇಲ್ಲ. ಹಳೆ ನೋಟ್‌ಬುಕ್ ಮಾತ್ರ ಬೀರುವಿನಲ್ಲಿದೆ. ಮುಂದಿನ ತಿಂಗಳು ಕೈಲ್‌ಮುಹೂರ್ತ ಹಬ್ಬಕ್ಕೆ ಹೋಗುವಾಗ ಒಂದು ಮಾಪಕ ತಗೊಂಡು ಹೋಗೋಣ ಅನಿಸುತ್ತಿದೆ. ಅವರಿಗೆ ಕೊಡುವುದಿಲ್ಲ, ಅಂಗಳದಲ್ಲಿ ಸುಮ್ನೆ ಇಟ್ಟು ಬರುತ್ತೇನೆ. ಕುಶಾಲನಗರದಲ್ಲಿ ಸಿಗುತ್ತದಾ?

---

ಗದ್ದೆಬದು · ಆಗಸ್ಟ್ 18

ಸಿಗುತ್ತದೆ. ಇಂಚಿನ ಗೆರೆ ಇರುವುದೇ ಕೇಳಿ. ಗಾಜಿನದು ತಗೋಬೇಡಿ, ಕೋತಿಗಳು ಬೀಳಿಸುತ್ತವೆ.